ಮೆಣಸಿನಕಾಯಿ ಹಾರದ ಕೆಳಗಿನ ಹೂಂ

ಕನ್ನಡದಲ್ಲಿ ಒಪ್ಪಿಗೆಗೂ ನಿರಾಕರಣೆಗೂ ನಡುವೆ ಇರುವುದು ಒಂದೇ ಒಂದು 'ಊ'. ಹೂಂ ಅಂದರೆ ಆಯಿತು, ಊಹೂಂ ಅಂದರೆ ಇಲ್ಲ. ಇಷ್ಟು ದೊಡ್ಡ ವ್ಯವಹಾರವನ್ನು ಬಾಯಿ ಕೂಡ ತೆರೆಯದೆ ಮೂಗಿನಲ್ಲೇ ಮುಗಿಸುವ ಏರ್ಪಾಟನ್ನು ಯಾರು ಮಾಡಿದರೋ ತಿಳಿಯದು. ನಾನು ಹೆಣ್ಣು ನೋಡಲು ಹೋದ ದಿನ, "ಹುಡುಗ ಮನಸಿಗೆ ಬಂದಾನೇನವ್ವಾ?" ಎಂದು ಹಿರಿಯರು ಕೇಳಿದಾಗ ನನ್ನ ಹೆಂಡತಿ ತಲೆ ತಗ್ಗಿಸಿ ಏನೋ ಒಂದು ಅಂದಳು. ಹಿರಿಯರು ಅದನ್ನು ಹೂಂ ಎಂದು ತಿಳಿದು ಸಕ್ಕರೆ ಹಂಚಿದರು. ತಾನು ಅಂದದ್ದು ಊಹೂಂ ಎಂದು ಅವಳು ಇಂದಿಗೂ ಸಾಧಿಸುತ್ತಾಳೆ. ಅದು ಮನೆಯ ಮಾತು, ಮನೆಯಲ್ಲೇ ನಡೆದುಹೋಗುತ್ತದೆ. ಈಗ ಸಿಕ್ಕಿಬಿದ್ದಿರುವುದು ನಮ್ಮ ಇಡೀ ಊರು ಸಂಶಿ ಕಾದು ಕುಳಿತಿರುವ ಹೂಂ. ಅದನ್ನು ಕೇಳಿದ ಕಿವಿ ನನ್ನದೊಂದೇ.

ನಮ್ಮ ಕಡೆ ಒಣಮೆಣಸಿನಕಾಯಿ ಚೆನ್ನಾಗಿ ಬೆಳೆಯುತ್ತದೆ, ಇಡಲು ಜಾಗವಿಲ್ಲ. ಬೇರೆ ತಾಲ್ಲೂಕಿನ ಕೋಲ್ಡ್ ಸ್ಟೋರೇಜಿಗೆ ಸಾಗಿಸಬೇಕು, ಇಲ್ಲವೇ ವ್ಯಾಪಾರಿ ಕೇಳಿದ ರೇಟಿಗೆ ಕೊಟ್ಟು ಬರಬೇಕು. ನಮ್ಮಲ್ಲೇ ಒಂದು ಕೋಲ್ಡ್ ಸ್ಟೋರೇಜ್, ಪಕ್ಕದಲ್ಲೊಂದು ಖಾರಪುಡಿ ಕಾರ್ಖಾನೆ ಆದರೆ ಊರಿಗೆ ಕೆಲಸವೂ ಬರುತ್ತದೆ ಎಂದು ಹೋರಾಟ ಸಮಿತಿ ಮಾಡಿಕೊಂಡೆವು. ಈರಪ್ಪ ಕಾಕಾ ಅಧ್ಯಕ್ಷರು, ಎಂ.ಎ. ಓದಿದ ತಪ್ಪಿಗೆ ನಾನು ಕಾರ್ಯದರ್ಶಿ. ಬೆಂಗಳೂರಿಗೂ ಹೋದೆವು. ಸಚಿವರು ನಡೆಯುತ್ತಲೇ ಮನವಿ ತೆಗೆದುಕೊಂಡು, ನಡೆಯುತ್ತಲೇ ಅದನ್ನು ಹಿಂದಿನವರ ಕೈಗೆ ದಾಟಿಸಿದರು. ವಾಪಸು ಬರುವಾಗ ರೈಲಿನಲ್ಲಿ ಕಾಕಾರಿಗೆ ಜ್ಞಾನೋದಯವಾಯಿತು. "ಮನವಿ ಕೊಟ್ರ ಅವ್ರು ನಿಲ್ಲಂಗಿಲ್ಲೋ. ಹಾರ ಹಾಕಿದ್ರ ನಿಲ್ತಾರ."

ಅದೇ ಸಚಿವರು ನಮ್ಮೂರ ಮೇಲೆ ಹಾದು ಹೋಗುವ ಸುದ್ದಿ ಬಂದಾಗ, ಜೆಸಿಬಿಯಿಂದ ತೂಗಿಬಿಟ್ಟ ಮೆಣಸಿನಕಾಯಿಯ ಭಾರಿ ಹಾರ ಸಿದ್ಧವಾಯಿತು. ಅವರು ಅದರ ಕೆಳಗೆ ನಿಂತಷ್ಟು ಹೊತ್ತಿನಲ್ಲಿ ನಾನು ಬೇಡಿಕೆ ಇಡಬೇಕು. ಹಾರವನ್ನು ಹತ್ತಿರದಿಂದ ನೋಡಿದರೆ ಅದು ನಮ್ಮ ಕಾಯಿಯೇ ಅಲ್ಲ, ಗುಂಟೂರು ಕಾಯಿ!

"ಇದೇನ್ರೀ ಕಾಕಾ, ನಮ್ಮ ಬೆಳಿ ಸಲುವಾಗಿ ಕೇಳಾಕ ಹೊಂಟು ಅವ್ರ ಕಾಯಿ ಕಟ್ಟೀರಿ?"

"ನಮ್ಮ ಕಾಯಿ ತುಟ್ಟಿ ಆಗ್ತೈತಿ ಸುಮ್ಕಿರು. ಸಾಹೇಬ್ರಿಗೆ ತಿನ್ನಾಕ ಕೊಡ್ತೀವೇನು?"

ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರಿನದು ಹಾಗಲ್ಲ.

ಸಚಿವರು ಬಂದರು, ನಿಂತರು, ಫೋಟೋಕ್ಕೆ ಕೈ ಮುಗಿದರು. ಕಾಕಾ ಸರಿಯಾಗಿಯೇ ಹೇಳಿದ್ದರು. ನಾನು ಬಾಯಿಪಾಠ ಮಾಡಿದ್ದನ್ನು ಶುರುಮಾಡುವಷ್ಟರಲ್ಲಿ ಮೇಲೆ ಹಗ್ಗ ಕಿರ್ರೆಂದಿತು. ಮುಂದಿನದು ನನಗೆ ತುಂಡು ತುಂಡಾಗಿ ನೆನಪಿದೆ. ಹಾರ ಕಳಚಿ ನಮ್ಮ ಮೇಲೆ ಬಿತ್ತು. ಗಾಬರಿಯಾದ ಜೆಸಿಬಿ ಡ್ರೈವರ್ ಏನನ್ನೋ ಎಳೆದ. ಬಕೆಟ್ಟಿನ ಕಬ್ಬಿಣದ ಹಲ್ಲುಗಳು ನೆತ್ತಿಯ ಮೇಲೆ ಎಷ್ಟು ಹತ್ತಿರ ಹಾದವೆಂದರೆ ಅವುಗಳ ಗಾಳಿ ಕೂದಲಿಗೆ ತಾಗಿತು. ತುಸು ಎತ್ತರದ ಆಳಾಗಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಕಣ್ಣು ಬಿಟ್ಟಾಗ ಸಚಿವರೂ ನಾನೂ ಮೆಣಸಿನಕಾಯಿ ರಾಶಿಯಲ್ಲಿ ಅಕ್ಕಪಕ್ಕ ಕುಕ್ಕರಿಸಿದ್ದೆವು. ಘಾಟು ಎದ್ದಿತು. ನಾನು ಏನೋ ಕೇಳಿದೆ. ಅವರು ಕೆಮ್ಮಿನ ನಡುವೆ ಮೂಗಿನಲ್ಲೇ ಏನೋ ಅಂದರು. ಪೊಲೀಸರು ಅವರನ್ನು ಎತ್ತಿ ಕಾರಿಗೆ ಹಾಕಿಕೊಂಡು ಹೋದರು. ರೈತರ ಸಂಕಷ್ಟ ಕೇಳಿ ಸಚಿವರು ಕಣ್ಣೀರಿಟ್ಟರು ಎಂದು ಮರುದಿನ ಪತ್ರಿಕೆಯಲ್ಲಿ ಬಂತು.

ಅಂದಿನಿಂದ ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಕ್ಷೌರಕ್ಕೆ ಕುಳಿತಲ್ಲಿ ಒಂದೇ ಪ್ರಶ್ನೆ. "ಖರೇ ಹೇಳ್ರಿ ಸರ, ಹೂಂ ಅಂದ್ರೋ, ಊಹೂಂ ಅಂದ್ರೋ?" ರಾತ್ರಿ ಮಲಗಿದರೆ ಬಕೆಟ್ಟು ಮತ್ತೆ ತಲೆಯ ಮೇಲೆ ಹಾದುಹೋಗುತ್ತದೆ, ನಾನು ಮತ್ತೆ ಕಿವಿಗೊಡುತ್ತೇನೆ. ಒಮ್ಮೆ ಹೂಂ ಕೇಳುತ್ತದೆ, ಒಮ್ಮೆ ಊಹೂಂ. ಹೀಗೆ ತಿರುಗಿ ತಿರುಗಿ ಕೇಳುವಾಗಲೇ ಇನ್ನೊಂದು ಅನುಮಾನ ಹುಟ್ಟಿತು. ಅವರು ಅಂದದ್ದಿರಲಿ, ನಾನು ಕೇಳಿದ್ದೇನು? "ಕೋಲ್ಡ್ ಸ್ಟೋರೇಜ್ ಕೊಡ್ರಿ" ಅಂದೆನೋ, "ಪೆಟ್ಟಾತೇನ್ರಿ ಸಾಹೇಬ್ರ?" ಅಂದೆನೋ? ಎರಡನೆಯದಾದರೆ ಅವರು ಹೂಂ ಅಂದಿದ್ದರೆ ಅವರಿಗೆ ಪೆಟ್ಟಾಗಿದೆ, ಊಹೂಂ ಅಂದಿದ್ದರೆ ಆಗಿಲ್ಲ. ಎರಡರಲ್ಲೂ ಕೋಲ್ಡ್ ಸ್ಟೋರೇಜ್ ಇಲ್ಲ.

ಇದನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದಾಗ ಮೊನ್ನೆ ಸಚಿವರ ಪಿ.ಎ.ಯಿಂದ ಫೋನು ಬಂತು. ಕಾಕಾ ಎದುರಿಗೇ ಕುಳಿತಿದ್ದರು. ಆ ಕಡೆಯಿಂದ ಪಿ.ಎ. ಕೇಳಿದರು: "ಸಾಹೇಬ್ರು ಸಂಶಿಯೊಳಗ ಯಾವುದಕ್ಕೋ ಹೂಂ ಅಂದಿದ್ದು ನೆನಪೈತಂತ್ರೀ. ಯಾವುದಕ್ಕ ಅನ್ನೋದು ಮರ್ತಾರ. ಬಾಜು ನೀವ ಇದ್ರಂತಲ್ಲ?"

ಊರಿನ ಒಂದು ತಲೆಮಾರಿನ ಬೆಳೆ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. "ಕೋಲ್ಡ್ ಸ್ಟೋರೇಜಿಗ್ರಿ" ಅಂದೆ.

"ಖಾತ್ರಿ ಐತೇನ್ರಿ?"

ಬಾಯಿ ತೆರೆಯಲು ಧೈರ್ಯವಾಗಲಿಲ್ಲ. ಗಂಟಲಿನಿಂದ ಮೂಗಿನ ದಾರಿಯಾಗಿ ಏನೋ ಒಂದು ಹೊರಟಿತು. "ಆತ್ರಿ, ಹಂಗ ಬರ್ಕೊಂತೀನಿ" ಎಂದು ಅವರು ಫೋನಿಟ್ಟರು.

ಕಾಕಾ ನನ್ನ ಮುಖದ ಹತ್ತಿರ ಮುಖ ತಂದರು. "ಈಗ ನೀ ಏನಂದ್ಯೋ ಮಾರಾಯಾ?"

ಮೂಗು ನನ್ನದೇ, ಸದ್ದೂ ನನ್ನದೇ. ಆದರೂ ಅದು ಹೂಂ ಆಗಿತ್ತೋ ಊಹೂಂ ಆಗಿತ್ತೋ ನನಗೇ ಗೊತ್ತಿಲ್ಲ. ಈಗ ಊರವರು ಸಚಿವರನ್ನು ಬಿಟ್ಟಿದ್ದಾರೆ. ನಾನು ಏನಂದೆ ಎಂದು ಕೇಳುತ್ತಿದ್ದಾರೆ.