ಹಿತ್ತಲ ಬಾವಿಯ ಪಾಣಬುಡಿ

ನಮ್ಮ ಭಾವ ಭಾಲ್ಕಿಯಲ್ಲಿ ಪಾಣಬುಡಿ ಕಟ್ಟಿದವರು. ಹೌದ್ರಿ, ನೀರೊಳಗೆ ಇಳಿಯುವ ಜಹಾಜು! ಭಾಲ್ಕಿಗೆ ಸಮುದ್ರ ಎಲ್ಲಿಂದ ಬಂತು ಅಂತ ಕೇಳಬೇಡಿ. ಹಿತ್ತಲಲ್ಲಿ ಮೆಟ್ಟಿಲ ಬಾವಿ ಇತ್ತು, ಅವರಿಗೆ ಅಷ್ಟು ಸಾಕಾಗಿತ್ತು.

ಭಾವ ಅಂದರೆ ನನ್ನ ಗಂಡನ ಅಣ್ಣ. ತಾಮ್ರದ ಪಾತ್ರೆಗಳ ವ್ಯಾಪಾರ. ಒಮ್ಮೆ ಮುಂಬಯಿ ಬಂದರಿನಲ್ಲಿ, ಮಂದಿಯನ್ನು ದೊಡ್ಡ ಕಬ್ಬಿಣದ ಗಂಟೆಯೊಳಗೆ ಕೂರಿಸಿ ಸಮುದ್ರದ ತಳಕ್ಕೆ ಇಳಿಸುವುದನ್ನು ಕಂಡು ಬಂದರು. ಗಂಟೆಯೊಳಗೆ ಗಾಳಿ ನಿಲ್ಲುತ್ತದೆ, ಮೇಲಿನಿಂದ ಕೊಳವೆಯಲ್ಲಿ ಹೊಸ ಗಾಳಿ ಬರುತ್ತದೆ, ತಳದಲ್ಲಿ ಕೂತು ಕೆಲಸ ಮಾಡುತ್ತಾರೆ. ಅಂದಿನಿಂದ ಈ ಮನುಷ್ಯನಿಗೆ ನೆಲದ ಮೇಲಿನ ಬದುಕು ರುಚಿಸಲಿಲ್ಲ!

ಅದು ನಿಜಾಮರ ಆಳ್ವಿಕೆಯ ಕಡೆಗಾಲ. ಬಂದೂಕು ಹಿಡಿದವರು ಹಳ್ಳಿ ಸುಡುತ್ತಿದ್ದಾರೆ ಅಂತ ಔರಾದ ಕಡೆಯಿಂದ ದಿನಾ ಸುದ್ದಿ. ನಾಯಿ ಬೊಗಳಿದರೂ ನಾವು ದೀಪ ಆರಿಸುತ್ತಿದ್ದೆವು. ಮಂದಿ ನಿಜಾಮರ ಗಡಿಯಾಚೆ ಸೊಲ್ಲಾಪುರದ ದಾರಿ ಹಿಡಿದರೆ ಭಾವ ಅಂದರು: "ಅವರು ಆ ಕಡಿ ಹೋಗಲಿ, ನಾವು ತಳಕ್ಕ ಹೋಗೂಣು."

ಮದುವೆ ಅಡುಗೆಯ ಕೊಪ್ಪರಿಗೆ ಬೋರಲಾಗಿ ಬಾವಿಗೆ ಇಳಿಯಿತು. ಇಳಿಯಿತೇ? ಬಾತುಕೋಳಿಯಂತೆ ತೇಲಿತು! ಮುಳುಗಲೆಂದು ಸುತ್ತ ಕಲ್ಲು ಕಟ್ಟಿದರು. ಭಾವನ ಹೆಂಡತಿ, ನನ್ನ ನೆಗೆಣ್ಣಿಯ ಬೀಸುಕಲ್ಲೂ ಹೋಯಿತು.

"ರೊಟ್ಟಿ ಹ್ಯಾಂಗ ಮಾಡ್ಲಿರಿ?"

"ಜ್ವಾಳ ನೆನಿಸಿ ತಿನ್ನೂಣು!"

ಗಾಳಿಗೆ ಸೈಕಲ್ ಟ್ಯೂಬುಗಳ ಕೊಳವೆ, ಅದರ ತುದಿಗೆ ಸೈಕಲ್ ಪಂಪು. ಒಳಗಿನಿಂದ ಮೇಲಕ್ಕೆ ಒಂದು ದಾರ; ಒಳಗಿದ್ದವರು ಅದನ್ನು ಜಗ್ಗುತ್ತಿದ್ದರೆ ಜೀವಂತ ಅಂತ ತಿಳಿಯಬೇಕು. ಮೊದಲು ಭಾವನೇ ಇಳಿದರು. ದಾರ ಅಲುಗಲಿಲ್ಲ. ನೆಗೆಣ್ಣಿ ಬೊಬ್ಬೆ ಹೊಡೆದು ಓಣಿಯನ್ನೇ ಕೂಡಿಸಿದ ಮೇಲೆ ಭಾವ ನೀರಿನಿಂದ ತಲೆ ಎತ್ತಿದರು. "ಒಳಗ ಭಾಳ ತಂಪ ಅದ. ಜರಾ ಕಣ್ಣ ಹತ್ತಿತ್ತು!"

ಎಲ್ಲರಿಗಿಂತ ಜೋರಾಗಿ ನಕ್ಕವರು ಪಕ್ಕದ ಮನೆಯ ಚಾಚಾ, ಅತ್ತರು ಮಾರುವ ಮುದುಕ. "ಕ್ಯಾ ಸಾವ್ಕಾರ್, ಮೀನಿನ ಮನ್ಯಾಗ ಹೆಣ್ಣ ನೋಡ್ಲಾಕ ಹೊಂಟೀರೇನು?"

ಬಂದೂಕಿನವರು ನಮ್ಮ ಓಣಿಗೆ ಬರಲೇ ಇಲ್ಲ. ಪೊಲೀಸ್ ಆಕ್ಷನ್ ಆಯಿತು, ಭಾರತದ ಫೌಜು ಬಂತು, ನಾವು ಉಸಿರುಬಿಟ್ಟೆವು. ಆದರೆ ಒಂದು ಮಧ್ಯಾಹ್ನ ಓಣಿಯಲ್ಲಿ ಮತ್ತೆ ಗದ್ದಲ. ಬಡಿಗೆ ಹಿಡಿದ ಗುಂಪು, ಈ ಸಲ ಚಾಚಾನನ್ನು ಹುಡುಕಿಕೊಂಡು! ಆ ಬಂದೂಕಿನವರು ಮಾಡಿದ್ದಕ್ಕೆ, ಅವರದೇ ಧರ್ಮದವನೆಂದು, ಈ ಮುದುಕನ ಮೇಲೆ ಸಿಟ್ಟು.

ಚಾಚಾ ನಮ್ಮ ಹಿತ್ತಲ ಬಾಗಿಲಿನಿಂದ ಓಡಿ ಬಂದರು. ಭಾವ ಕೈ ಹಿಡಿದು ಬಾವಿಗೇ ಒಯ್ದರು.

"ಇಳೀರಿ ಚಾಚಾ. ಮುಳುಗಿ, ಕೊಪ್ಪರಿಗಿ ಒಳಗ ತಲಿ ಎತ್ರಿ."

"ನಕ್ಕಿದ್ದಕ್ಕ ಇಷ್ಟ ಸಿಟ್ಟೇನ್ರಿ ಸಾವ್ಕಾರ್?" ಅಂದವರೇ ಮುಳುಗಿದರು.

ಗುಂಪು ನುಗ್ಗಿತು. ಭಾವ ದಾರವನ್ನು ಕಾಲ ಹೆಬ್ಬೆರಳಿಗೆ ಸುತ್ತಿಕೊಂಡು, ತಮ್ಮ ಸೈಕಲ್ ಪಕ್ಕ ಕೂತು, ಅದಕ್ಕೇ ಗಾಳಿ ತುಂಬುವವರಂತೆ ಪಂಪು ಹೊಡೆಯುತ್ತಿದ್ದರು. ನಾನು ಕೊಳವೆಯ ಮೇಲೆ ಒದ್ದೆ ಕೌದಿ ಹರವಿದೆ. ನೀರಿನ ಗುಳ್ಳೆ ಕಾಣದಿರಲೆಂದು ನೆಗೆಣ್ಣಿ ಕೊಡದ ಮೇಲೆ ಕೊಡ ಸೇದಿದಳು.

"ಎಷ್ಟ ಗಾಳಿ ಹೊಡೀತೀರಿ?" ಒಬ್ಬ ಕೇಳಿದ.

"ಹಳೀ ಟ್ಯೂಬ್ರಿ. ಗಾಳಿ ನಿಂದ್ರವಲ್ದು."

ನಾನು ಭಾವನ ಹೆಬ್ಬೆರಳನ್ನೇ ನೋಡುತ್ತಿದ್ದೆ. ಮೊದಮೊದಲು ದಾರ ಜಗ್ಗುತ್ತಿತ್ತು. ಆಮೇಲೆ ನಿಂತೇ ಹೋಯಿತು. ಗುಂಪಿನವರು ಬಾವಿಗೆ ಇಣುಕಿದರು, ಕಾಳಿನ ಕೋಣೆ ಜಾಲಾಡಿದರು. ಭಾವ ಪಂಪು ಮಾತ್ರ ನಿಲ್ಲಿಸಲಿಲ್ಲ.

ಗುಂಪು ಓಣಿ ದಾಟಿದ್ದೇ ತಡ, ಭಾವ ಉಟ್ಟ ಧೋತರದಲ್ಲೇ ಬಾವಿಗೆ ಹಾರಿದರು. ಚಾಚಾನನ್ನು ತಬ್ಬಿಕೊಂಡು ಮೇಲೆ ಬಂದರು. ಚಳಿಗೆ ಮರಗಟ್ಟಿದ ಬೆರಳಿಂದ ದಾರ ಜಾರಿತ್ತಂತೆ. ಉಸಿರಿತ್ತು!

ನೆಗೆಣ್ಣಿ ಬಿಸಿ ಅಂಬಲಿ ತಂದಳು. ಚಾಚಾನ ಕೈಯಲ್ಲಿ ಬಟ್ಟಲು ನಿಲ್ಲಲಿಲ್ಲ. ಭಾವ ಅದನ್ನು ಇಸಿದುಕೊಂಡು, ಊದಿ ಊದಿ, ಕೂಸಿಗೆ ಕುಡಿಸಿದಂತೆ ಕುಡಿಸಿದರು. ಗಡ್ಡದ ಮೇಲೆ ಅಂಬಲಿ ಇಳಿದಾಗಲೆಲ್ಲ ಭಾವ ಬರಿಗೈಯಿಂದಲೇ ಒರೆಸುತ್ತಿದ್ದರು.