ಎರಡು ಸಲ ಹುಟ್ಟಿದ ಭಾವ

ನಮ್ಮ ಭಾವ ಹುಟ್ಟುವುದಕ್ಕೆ ನಾಲ್ಕು ವರ್ಷ ಮುಂಚೆಯೇ ಹುಟ್ಟಿದ್ದರು. ಅಷ್ಟೇ ಆಗಿದ್ದರೆ ಪರವಾಗಿಲ್ಲ, ಹುಟ್ಟುವ ಮುಂಚೆ ಒಂದು ಸಲ ಸತ್ತೂ ಹೋಗಿದ್ದರು! ನಗಬೇಡಿ. ಮೊದಲನೆಯದಕ್ಕೆ ಸರ್ಕಾರದ ದಾಖಲೆ ಇದೆ, ಎರಡನೆಯದು ಊರಿಗೆಲ್ಲ ಗೊತ್ತು.

ಸಾತನೂರಿನ ನಮ್ಮ ಸೋದರತ್ತೆಗೆ ಮೊದಲೊಬ್ಬ ಮಗನಿದ್ದ. ಮೂರು ವರ್ಷದ ಕೂಸು, ಕೆರೆಗೆ ಬಿದ್ದು ತೀರಿಕೊಂಡ. ಮರುವರ್ಷ ಭಾವ ಹುಟ್ಟಿದರು. ಹೋದವನೇ ತಿರುಗಿ ಬಂದನೆಂದು ಅದೇ ಹೆಸರಿಟ್ಟರು. ಸ್ಕೂಲಿಗೆ ಸೇರಿಸುವಾಗ, ಹೊಸ ಜನನ ಪತ್ರಕ್ಕೆ ಕನಕಪುರಕ್ಕೆ ಯಾರು ಅಲೆಯುತ್ತಾರೆ ಅಂತ ಮಾವ ಸತ್ತವನದನ್ನೇ ಕೊಟ್ಟರು. "ಹೆಸ್ರು ಅದೇ, ಅಪ್ಪ ಅದೇ, ಊರು ಅದೇ. ಹುಡ್ಗ ಒಬ್ಬ ಬೇರೆ, ಅಷ್ಟೇ ತಾನೆ?" ಅಂದರಂತೆ. ಅಷ್ಟೇ ತಾನೆ! "ವಯಸ್ಸಿಗೆ ಹುಡುಗ ತುಂಬಾ ಕುಳ್ಳ" ಅಂತ ಮೇಷ್ಟ್ರು ಅನುಮಾನಪಟ್ಟರೆ, "ಬೆಳೀತಾನೆ ಬುಡಿ ಸಾ" ಅಂದು ಮಾವ ಹೊರಟೇಬಿಟ್ಟರು.

ಮಾರ್ಲಮಿ ಹಬ್ಬದಲ್ಲಿ ಸತ್ತವರಿಗೆ ಎಡೆ ಇಡುತ್ತಾರಲ್ಲ, ಅತ್ತೆ ಹಿರಿಮಗನ ಪಾಲಿನ ಕಜ್ಜಾಯ ಬಡಿಸಿ, ಹೆಸರು ಹಿಡಿದು "ಬಾಪ್ಪಾ, ಉಣ್ಣು ಬಾ" ಅಂತ ಅಳುತ್ತಾ ಕರೆಯುತ್ತಿದ್ದರು. ಒಂದು ವರ್ಷ ಅಂಗಳದಲ್ಲಿ ಗೋಲಿಯಾಡುತ್ತಿದ್ದ ಭಾವನ ಕಿವಿಗೆ ಅದು ಬಿತ್ತು. ಅಷ್ಟು ಅಕ್ಕರೆಯಿಂದ ಅವ್ವ ಯಾವತ್ತೂ ಕರೆದವಳಲ್ಲ! ಓಡಿ ಬಂದವರೇ ಎಡೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಕಜ್ಜಾಯಕ್ಕೆ ಬಾಯಿ ಹಾಕಿದರು. ಮಾವ ಬೆನ್ನ ಮೇಲೆ ಬಾರಿಸಿದರು.

"ಅವ್ವ ನನ್ನೇ ಅಲ್ವಾ ಕರ್ದಿದ್ದು?" ಅಂತ ಭಾವ ಬಿಕ್ಕುತ್ತಾ ಕೇಳಿದರಂತೆ.

ಮುಂದೆ ಭಾವ ಚನ್ನಪಟ್ಟಣದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾದರು. ಸತ್ತವನ ಲೆಕ್ಕದಲ್ಲಿ ನಾಲ್ಕು ವರ್ಷ ಮುಂಚೆಯೇ ನಿವೃತ್ತಿ! ಬೀಳ್ಕೊಡುಗೆಯಲ್ಲಿ ಶಾಲು ಹೊದ್ದು, ಹಾರ ಹಾಕಿಸಿಕೊಂಡು, ಮೈಕಿನ ಮುಂದೆ ನಿಂತು, "ಇವತ್ತು ರಿಟೈರಾಗಿದ್ದು ನಮ್ಮಣ್ಣ. ನಂಗಿನ್ನೂ ಸರ್ವಿಸ್ ಐತೆ" ಅಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಭಾವ ಸೀಮೆಸುಣ್ಣದ ಡಬ್ಬಿ ಸಮೇತ ಹಾಜರಾದಾಗ ಯಾರಿಗೂ ನಗು ಬರಲಿಲ್ಲ. ಹೆಡ್‌ಮಾಸ್ಟರು ಕಾಫಿ ಕುಡಿಸಿ, ಕೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೂ ಬಿಟ್ಟುಬಂದರು.

ಆಮೇಲೆ ಭಾವ ಬಾಗಿಲು ಹಾಕಿಕೊಂಡು ಇದ್ದಿಲು ಹಿಡಿದರು. ಎರಡು ವರ್ಷ ಅದೇ ಕಸುಬು. ಮನೆಗೆ ಹೋದರೆ ಕೈ, ಮೂಗು, ಬನಿಯನ್ನು ಎಲ್ಲಾ ಕಪ್ಪು. "ಏನ್ ಬರೀತಿದ್ದೀರಿ ಭಾವ?" ಅಂದರೆ, "ನನ್ನ ಹುಡುಕ್ತಿವ್ನಿ ಕಣೋ, ಸಿಕ್ಕುದ್ರೆ ಹೇಳ್ತೀನಿ" ಅನ್ನುತ್ತಿದ್ದರು.

ಹೋದ ತಿಂಗಳು ಆ ಚಿತ್ರಗಳೆಲ್ಲ ರಾಮನಗರದ ಒಂದು ಗ್ಯಾಲರಿಯಲ್ಲಿ ಗೋಡೆ ಹತ್ತಿದವು. ಹಳೆಯ ರೇಷ್ಮೆಗೂಡಿನ ಗೋದಾಮದು, ಸುಣ್ಣ ಬಳಿದರೂ ಹುಳುವಿನ ವಾಸನೆ ಹೋಗಿರಲಿಲ್ಲ. ಎಲ್ಲ ಚಿತ್ರದಲ್ಲೂ ಇಬ್ಬರು ಹುಡುಗರು, ಬೆನ್ನು ತಿರುಗಿಸಿದವರು. ಬೆಂಚಿನ ಮೇಲೆ ಇಬ್ಬರ ಬೆನ್ನು. ಎಡೆಯ ಮುಂದೆ ಇಬ್ಬರ ಬೆನ್ನು. ಮಾಗಡಿಯಿಂದ ಬಂದಿದ್ದ ನಮ್ಮ ದೊಡ್ಡಪ್ಪ ಒಂದು ಸುತ್ತು ಹಾಕಿ, "ಮೇಷ್ಟ್ರಾಗಿ ಇಷ್ಟು ವರ್ಷ ಸಂಬ್ಳ ತಗಂಡ್ಯಲ್ಲೋ, ಒಂದು ಮುಖ ಬರಿಯಾಕೂ ಬರಲ್ವೇನ್ಲಾ?" ಅಂದರು!

ಭಾವ ಅವ್ವನಿಗೆ ಮಾತ್ರ ಸುದ್ದಿ ಮುಟ್ಟಿಸಿರಲಿಲ್ಲ. ಎಂಬತ್ತು ದಾಟಿದ ಜೀವ, ಇದನ್ನೆಲ್ಲ ನೋಡಿ ತಡೆದುಕೊಳ್ಳುತ್ತದೆಯೇ? ಆದರೆ ಸಾತನೂರಿನಲ್ಲಿ ಸುದ್ದಿಗೆ ಬಸ್ಸು ಬೇಕೆ? "ನಡಿಯಪ್ಪ, ಕರ್ಕೊಂಡೋಗು" ಅಂತ ಅತ್ತೆ ನನ್ನ ಮುಂದೆ ಹೊಸ ಸೀರೆಯುಟ್ಟು ನಿಂತರು.

ಗ್ಯಾಲರಿಯ ಬಾಗಿಲಲ್ಲಿ ಅವ್ವನನ್ನು ಕಂಡ ಭಾವನ ಮುಖದಲ್ಲಿ ರಕ್ತವಿರಲಿಲ್ಲ. ಅತ್ತೆ ಗೋಡೆ ಹಿಡಿದುಕೊಂಡು ಒಂದೊಂದೇ ಚಿತ್ರ ನೋಡುತ್ತಾ ಬಂದರು. ಎಡೆಯ ಚಿತ್ರದ ಮುಂದೆ ಸೆರಗು ಬಾಯಿಗೆ ಹೋಯಿತು. ಕೊನೆಯದರ ಮುಂದೆ ನಿಂತೇಬಿಟ್ಟರು. ಕೆರೆ, ನೀರಿನಂಚಿನಲ್ಲಿ ಕೂತ ಇಬ್ಬರು ಹುಡುಗರು, ಒಂದೇ ಅಚ್ಚು.

"ಇದ್ರಲ್ಲಿ ನಾನ್ಯಾರು, ಅಣ್ಣ ಯಾರು, ನಂಗೇ ಗೊತ್ತಿಲ್ಲ ಕಣವ್ವ" ಅಂದರು ಭಾವ.

"ಇವ್ನು ನೀನು" ಅತ್ತೆ ಬೆರಳು ಮಾಡಿದರು. "ಅವ್ನು ಅವ್ನು."

"ಅದೆಂಗವ್ವ? ಇಬ್ರನ್ನೂ ಒಂದೇ ತರ ಬರ್ದಿವ್ನಲ್ಲ?"

"ನೀನ್ ಬರ್ದಿರಬೋದು. ನಾನು ಒಂದೇ ತರ ಹೆತ್ತಿಲ್ವಲ್ಲ ಮಗ."

ಭಾವ ಗೋಡೆಗೊರಗಿದರು. ಅರವತ್ತರ ಹತ್ತಿರದ ಗಂಡಸು ಹಾಗೆ ಅತ್ತದ್ದನ್ನು ನಾನು ನೋಡಿಲ್ಲ. ಅತ್ತೆ ಅವರ ತಲೆ ಸವರುತ್ತಿದ್ದರೂ ಕಣ್ಣು ಮಾತ್ರ ಚಿತ್ರದ ಇನ್ನೊಬ್ಬ ಹುಡುಗನ ಮೇಲೇ ಇತ್ತು.

"ಅವನ್ನ ಒಸಿ ಈಚೆಗೆ ಕೂರ್ಸು ಮಗ. ನೀರು ತೀರಾ ಹತ್ರ ಆಯ್ತು."

ಭಾವ ಚಿತ್ರ ಇಳಿಸಿ ನೆಲದ ಮೇಲೆ ಹರಡಿಕೊಂಡು ಕೂತರು. ಬಂದಿದ್ದವರು ಸುತ್ತ ನಿಂತರು. ಜೇಬಿನಿಂದ ರಬ್ಬರು ತೆಗೆದು ಆ ಪುಟ್ಟ ಬೆನ್ನನ್ನು ಮೆಲ್ಲಗೆ ಅಳಿಸಿ, ಕೆರೆ ಏರಿಯ ಮೇಲೆ, ಹುಣಸೆಮರದ ನೆರಳಿನಲ್ಲಿ ಬರೆದರು.

"ಇಲ್ಲಿ ಸಾಕಾ ಅವ್ವ?"

ಅತ್ತೆ ಬಗ್ಗಿ ನೋಡಿದರು.

"ಇನ್ನೂ ಒಸಿ."