ಹತ್ತು ನಿಮಿಷದ ಕನ್ನಡ

ನನ್ನ ಮಗಳ ಪದವಿಗೆ ಅಡ್ಡ ಬಂದದ್ದು ಗಣಿತವಲ್ಲ, ರಸಾಯನಶಾಸ್ತ್ರವೂ ಅಲ್ಲ. ಅವಳ ತಂದೆ. ಅಂದರೆ, ನಾನು.

ತಿರುವನಂತಪುರದಲ್ಲಿ ಅನಘಾ ಓದುವ ಕಾಲೇಜಿನಲ್ಲಿ ಒಂದು ನಿಯಮವಿದೆ. ಎಲ್ಲ ವಿಷಯಗಳಲ್ಲಿ ಪಾಸಾದರೆ ಸಾಲದು. ಯಾವುದಾದರೂ ಒಂದು ಭಾರತೀಯ ಭಾಷೆಯಲ್ಲಿ ಹತ್ತು ನಿಮಿಷ ಮಾತಾಡಿ ತೋರಿಸಬೇಕು. ಇಲ್ಲದಿದ್ದರೆ ಪದವಿ ಇಲ್ಲ. ಕೊಚ್ಚಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ಮಲಯಾಳಂ ತೆಗೆದುಕೊಳ್ಳಲು ಹೊರಟಿದ್ದಳು. ನನ್ನೊಳಗಿನ ಮೈಸೂರಿನವನು ಎದ್ದು ಕೂತ.

"ಮನೇಲೇ ಕನ್ನಡ ಇಟ್ಕೊಂಡು ಮಲಯಾಳಂ ಯಾಕೆ? ಕನ್ನಡ ತಗೋ. ನಾನಿಲ್ವಾ?"

"ಅದೇ ನಂಗೆ ಭಯ" ಎಂದಳು ನನ್ನ ಹೆಂಡತಿ ಸುಧಾ, ಸೊಪ್ಪು ಬಿಡಿಸುತ್ತಾ.

ಅನಘಾ ಕನ್ನಡಕ್ಕೇ ಹೆಸರು ಕೊಟ್ಟಳು. ಆದರೆ ಒಂದು ಸಣ್ಣ ಸಂಗತಿ ನನ್ನ ಗಮನಕ್ಕೇ ಬಂದಿರಲಿಲ್ಲ. ಅನಘಾಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಮಲಯಾಳಂನಲ್ಲಿ ಬರುತ್ತದೆ. "ಊಟ ಆಯ್ತಾ?" ಅಂದರೆ "ಕಳಿಚ್ಚು ಅಪ್ಪಾ" ಅನ್ನುತ್ತಾಳೆ. ಇಷ್ಟು ವರ್ಷ ಹೀಗೇ ಸಂಸಾರ ಸಾಗಿದ್ದರಿಂದ ಅವಳು ಕನ್ನಡ ಮಾತಾಡುತ್ತಾಳೆಂದೇ ನಾನು ನಂಬಿಬಿಟ್ಟಿದ್ದೆ.

ಪರೀಕ್ಷೆ ಹತ್ತಿರ ಬಂತು, ಅನಘಾ ಓದಿಕೊಳ್ಳಲು ಹಾಸ್ಟೆಲಿನಿಂದ ಮನೆಗೆ ಬಂದಳು. ಅಷ್ಟರಲ್ಲಿ ಅವಳಿಗೆ ಎಂ.ಎಸ್ಸಿ. ಸೀಟು ಬೇರೆ ಸಿಕ್ಕಿತ್ತು. ಪದವಿ ಕೈಗೆ ಬರದಿದ್ದರೆ ಅದೂ ಹೋದಂತೆಯೇ. ಸುಧಾ ನನ್ನನ್ನು ನೋಡಿದಳು ಅಷ್ಟೇ. ಊರ ಹೊರಗಿನ ಅಂಬಲಮುಗಳಿನಲ್ಲಿರುವ ನನ್ನ ಬ್ಯಾಂಕ್ ಶಾಖೆಯಿಂದ ರಿಫೈನರಿಯ ಟ್ಯಾಂಕರುಗಳ ಹಿಂದೆ ತೆವಳಿಕೊಂಡು ಬಂದು, ಸೋತು ಸುಣ್ಣವಾಗಿದ್ದರೂ ಭಾಷಣ ಬರೆಯಲು ಕೂತೆ. "ನಿತ್ಯಹರಿದ್ವರ್ಣದ ಕಾನನಗಳಿಂದ ಕಂಗೊಳಿಸುವ ಕನ್ನಡ ನಾಡು..." ಎಂದು ಆರಂಭ. ಮುಗಿಸುವಾಗ ನನಗೇ ಕಣ್ಣು ತುಂಬಿ ಬಂತು. ಅನಘಾ ಅದನ್ನೆಲ್ಲ ಮಲಯಾಳಂ ಅಕ್ಷರಗಳಲ್ಲಿ ಬರೆದುಕೊಂಡು ಬಾಯಿಪಾಠಕ್ಕೆ ಇಳಿದಳು.

ಪರೀಕ್ಷೆಯ ದಿನ ಇಬ್ಬರೂ ರೈಲು ಹತ್ತಿದೆವು. ದಾರಿಯುದ್ದಕ್ಕೂ ಅಭ್ಯಾಸ ಮಾಡಿಸಿದೆ. ಅವಳು "ನಿತ್ಯಹರಿ" ಎನ್ನುವಲ್ಲಿಗೆ ಬಂದು ನಿಲ್ಲುತ್ತಿದ್ದಳು, ನಾನು ಮೊದಲಿಂದ ಶುರು ಮಾಡಿಸುತ್ತಿದ್ದೆ. ಕೊಲ್ಲಂ ಬರುವ ಹೊತ್ತಿಗೆ ಎದುರು ಸೀಟಿನ ವಯಸ್ಸಾದ ಮಲಯಾಳಿ ಅಮ್ಮಚ್ಚಿಯೊಬ್ಬರು ಚಾಯ ಕುಡಿಯುತ್ತಾ ಇಡೀ ವಾಕ್ಯವನ್ನು ತಪ್ಪಿಲ್ಲದೆ ಹೇಳಿದರು. ನನ್ನ ಮಗಳಿಗೆ ಮಾತ್ರ ಬರಲಿಲ್ಲ.

ಪರೀಕ್ಷೆ ಮಾಡಲು ಬಂದಿದ್ದವರು ಕಾಸರಗೋಡಿನ ಒಬ್ಬ ಟೀಚರ್. ನಾನು ವರಾಂಡದ ಬೆಂಚಿನಲ್ಲಿ ಕೂತೆ. ಕಿಟಕಿ ತೆರೆದೇ ಇತ್ತು. ಅನಘಾ "ನಿತ್ಯ" ಎಂದಿದ್ದಳಷ್ಟೇ, ಟೀಚರ್ ಕೈಯೆತ್ತಿ ನಿಲ್ಲಿಸಿದರು.

"ಬಾಯಿಪಾಠ ಎಲ್ಲ ಬೇಡ ಮಾರಾಯ್ತಿ. ಬೆಳಿಗ್ಗೆ ನಿಮ್ಮ ಮನೆಯಲ್ಲಿ ಎಂತ ನಡೀತದೆ, ಅದನ್ನು ಹೇಳು."

ಒಳಗಿಂದ "ಬೆಳಿಗ್ಗೆ... ಬೆಳಿಗ್ಗೆ..." ಎಂಬುದಷ್ಟೇ ಕೇಳಿತು. ಪದವಿ ಹೋಯಿತು, ಸೀಟು ಹೋಯಿತು, ಇನ್ನು ಮನೆಗೆ ಯಾವ ಮುಖ ಹೊತ್ತು ಹೋಗಲಿ? ತಡೆಯಲಾರದೆ ಕಿಟಕಿಯಲ್ಲಿ ತಲೆ ತೂರಿಸಿ, ಏನಾದರೂ ಹೇಳು ಎಂದು ಕೈಸನ್ನೆ ಮಾಡಿದೆ. ಅನಘಾ ನನ್ನ ಮುಖ ನೋಡಿದಳು. ಕಣ್ಣರಳಿತು. ಸೊಂಟದ ಮೇಲೆ ಕೈಯಿಟ್ಟು, ದನಿ ದಪ್ಪ ಮಾಡಿಕೊಂಡು ಶುರು ಮಾಡಿಯೇಬಿಟ್ಟಳು.

"ಸುಧಾ, ನನ್ನ ಕನ್ನಡಕ ಎಲ್ಲೇ? ಇಟ್ಟಿದ್ದು ಇಟ್ಟ ಕಡೆ ಇರಲ್ಲ ಈ ಮನೇಲಿ. ಆ ಫ್ಯಾನ್ ಯಾರಿಗೆ ತಿರುಗ್ತಾ ಇದೆ, ಗೋಡೆಗಾ? ಚಟ್ನಿಗೆ ಉಪ್ಪು ಹಾಕೋ ಪದ್ಧತಿ ಇಲ್ವಾ? ದುಡಿದು ದುಡಿದು ನನ್ನ ಸೊಂಟ ಬಿದ್ದೋಯ್ತು, ಕೇಳೋರು ಯಾರಿದಾರೆ? ನಾನು ಹೋದ್ಮೇಲೆ ಗೊತ್ತಾಗುತ್ತೆ ನಿಮಗೆ."

ಎಲ್ಲೂ ತಡವರಿಕೆ ಇಲ್ಲ. ನಡುವೆ ನನ್ನ ಕೆಮ್ಮನ್ನೂ ಸೇರಿಸಿದಳು. ಹತ್ತು ನಿಮಿಷ ಕಳೆದರೂ ಅವಳ ಸರಕು ಮುಗಿಯಲಿಲ್ಲ. ಟೀಚರೇ ಸಾಕು ಎಂದು ಕೈ ಮುಗಿದರು.

ನಕ್ಕು ನಕ್ಕು ಒದ್ದೆಯಾದ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದರು. "ಪಾಸು. ಚಂದ ಮಾತಾಡ್ತಾಳೆ. ಮನೆಯಲ್ಲಿ ಕನ್ನಡ ಕಲಿಸಿದ್ದು ಯಾರು?"

"ಅವಳ ತಾಯಿ" ಎಂದೆ.

ವಾಪಸು ರೈಲಿನಲ್ಲಿ ನಾನು ಮೌನವ್ರತ ಹಿಡಿದೆ. ಮನೆಯಲ್ಲಿ ಇಷ್ಟು ವರ್ಷ ನಾನು ಹಂಚಿದ ಕನ್ನಡವೆಲ್ಲ ಇದೇ ಏನು ಅಂತ ಬೇಜಾರಾಗಿತ್ತು. ಟಿಕೆಟ್ ತೋರಿಸಬೇಕಾಗಿ ಬಂದಾಗ ಮೊಬೈಲ್ ತೆಗೆದೆ, ಅಕ್ಷರ ಕಾಣಲಿಲ್ಲ. ಜೇಬು ತಡಕಿದೆ, ಚೀಲ ತಡಕಿದೆ, ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ.

"ತಲೆ ಮೇಲಿದೆ ಅಪ್ಪಾ" ಎಂದಳು ಅನಘಾ. "ಇಟ್ಟಿದ್ದು ಇಟ್ಟ ಕಡೆನೇ ಇದೆ."

ಮಗಳು ನನ್ನ ಜೊತೆ ಕನ್ನಡದಲ್ಲಿ ಆಡಿದ ಮೊದಲ ಮಾತು ಅದು. ಅಷ್ಟು ವರ್ಷ ಕಾದಿದ್ದವನು, ಕನ್ನಡಕವನ್ನು ತಲೆಯಿಂದ ಮೂಗಿಗೆ ಇಳಿಸಿಕೊಂಡು, ಕಿಟಕಿಯ ಕಡೆ ತಿರುಗಿದೆ.